ಶನಿವಾರದ ಎಣ್ಣೆ

ಮರದ ಸ್ಟೂಲಿನ ಮೇಲೆ ಒಂದು ಸ್ಟೀಲಿನ ಡಬ್ಬಿ. ಅದರ ಕಂಠದವರೆಗೆ ಎಳ್ಳೆಣ್ಣೆ. ಗ್ಯಾರೇಜಿನ ಒಂದೇ ಕಿಟಕಿಯಿಂದ ನವೆಂಬರಿನ ಬೂದು ಬೆಳಕು ಓರೆಯಾಗಿ ಇಳಿದು ಎಣ್ಣೆಯ ಮೇಲೆ ನಿಂತಿದೆ. ಮುಳುಗಿಲ್ಲ, ಹೊಳೆದೂ ಇಲ್ಲ. ಪಕ್ಕದಲ್ಲಿ ಇಕ್ಕಳ, ಅರ, ದಾರಕ್ಕೆ ಕಟ್ಟಿ ತೂಗುಬಿಟ್ಟ ಅಯಸ್ಕಾಂತ. ಹೊರಗೆ ಸ್ಕಾರ್‌ಬರೋದ ಬಸ್ಸೊಂದು ಹಾದುಹೋಯಿತು. ನೆಲ ಅದುರಿತು, ಕಿಟಕಿಯ ಗಾಜು ಅದುರಿತು, ಅಯಸ್ಕಾಂತ ತೂಗಾಡಿತು. ಎಣ್ಣೆ ಮಾತ್ರ ಅಲುಗಲಿಲ್ಲ.

ಪಕ್ಕದ ಮನೆಯ ಮುರಿಗೆಪ್ಪನವರು ಬಾಗಿಲವರೆಗೆ ಬಂದವರು ಒಳಗೆ ಕಾಲಿಡಲಿಲ್ಲ. ಬೈಲಹೊಂಗಲದ ಕಡೆಯ ಕಮ್ಮಾರರು. ಎಪ್ಪತ್ತು ದಾಟಿದ್ದರೂ ಮುಂಗೈ ಇನ್ನೂ ಸುತ್ತಿಗೆಯ ಹಿಡಿಯಂತಿತ್ತು.

"ಈ ಎಣ್ಣಿ ಯಾರ ಕೊಟ್ರು, ತಮ್ಮಾ?"

"ಅಕ್ಕ. ಈಗರೆ ಕೊಟ್ಲು. ದೇವರ ದೀಪಕ್ಕಂತ ತಂದದ್ದು ಉಳದಿತ್ತಂತ."

"ಶನಿವಾರ ಕೊಟ್ಟ ಎಣ್ಣಿ ಇಸಗೋಬಾರದು. ಅದ್ದೂಕಿಂತ ಮೊದಲ ವಾಪಸ್ ಕೊಟ್ಟಬಿಡು. ಕಾದ ಕಬ್ಬಣ ಒಮ್ಮಿ ಅದನ್ನ ಕುಡೀತಂದ್ರ ಮತ್ತ ಕೊಟ್ಟವರಿಗೆ ಹೊಳ್ಳಿ ಹೋಗೂದಿಲ್ಲ."

ಈರೇಶ ನಕ್ಕ. "ಕಾಕಾ, ಈ ದೇಶದಾಗ ನಮಗ ಬಿಡುವು ಸಿಗೂದ ಶನಿವಾರ. ನಿಮ್ಮ ಶನಿಗೂ ವೀಕೆಂಡ್ ಶಿಫ್ಟ್ ಹಾಕ್ಯಾರೇನು?"

"ಅವಂಗ ರಜಾನ ಇಲ್ಲೋ," ಎಂದು ಮುದುಕರು ನಗದೆ ಹಿಂದಿರುಗಿದರು.

ಈರೇಶ ಬೆಳಗಾವಿಯ ಕಾರ್ಖಾನೆಗಳಲ್ಲಿ ಎಂಟು ವರ್ಷ ಉಕ್ಕನ್ನು ಕಾಯಿಸಿ ಎಣ್ಣೆಗೆ ಅದ್ದಿ ಹದ ಕೊಟ್ಟವನು. ಕೆನಡಾಕ್ಕೆ ಬಂದು ಆರು ತಿಂಗಳಾಗಿತ್ತು. ಅಕ್ಕ ದೀಪಶ್ರೀಯ ಮನೆಯ ಬೇಸ್‌ಮೆಂಟಿನಲ್ಲಿ ವಾಸ. ಅಡುಗೆಯ ಚಾಕುಗಳನ್ನು ಕೈಯಿಂದಲೇ ಮಾಡುವ ವಿಟ್ಬಿಯ ಒಂದು ವರ್ಕ್‌ಶಾಪಿನವರು ಅವನಿಗೆ ಮೂರು ವಾರ ಕೊಟ್ಟಿದ್ದರು: ನೀನೇ ಹದ ಕೊಟ್ಟ ಒಂದು ಅಲಗು ತಾ, ನಮ್ಮೆದುರು ಇನ್ನೊಂದು ಮಾಡಿ ತೋರಿಸು, ಕೆಲಸ ನಿನ್ನದು. ಈ ನಾಡಿನಲ್ಲಿ ಅವನದು ಎನ್ನುವಂಥದು ಅವನ ಬಲಗೈ ಒಂದೇ.

ಕೈಯೆಂದರೇನೆಂದು ಆ ಮನೆಗೆ ಚೆನ್ನಾಗಿ ಗೊತ್ತಿತ್ತು. ಅಕ್ಕನ ಗಂಡ ಉದಯಕುಮಾರನ ಬಲಗೈ ಎರಡು ವರ್ಷದಿಂದ ನಡುಗುತ್ತಿತ್ತು. ಟ್ರಕ್ ಓಡಿಸುವ ಕೆಲಸ ಹೋಗಿತ್ತು. ಆದರೂ ಪ್ರತಿ ಸಂಜೆ ಮುಂಬಾಗಿಲಿನ ಸರಪಳಿಯನ್ನು ಅವನೇ ಸಿಕ್ಕಿಸಬೇಕು. ಕಟ, ಕಟ, ಕಟಕಟ. ಆ ಸದ್ದು ಮುಗಿಯುವವರೆಗೆ ಮನೆಯಲ್ಲಿ ಯಾರೂ ತಟ್ಟೆಗೆ ಕೈ ಹಾಕುತ್ತಿರಲಿಲ್ಲ. ಎದ್ದು ಹೋಗಿ ನೆರವಾಗುವ ಧೈರ್ಯವೂ ಯಾರಿಗೂ ಇರಲಿಲ್ಲ.

ಈರೇಶ ಕಿಟಕಿಗೆ ಕಂಬಳಿ ಹೊದಿಸಿ ಹಗಲನ್ನು ಆರಿಸಿದ. ಕಾದ ಉಕ್ಕಿನ ಬಣ್ಣ ಕತ್ತಲಲ್ಲಷ್ಟೇ ನಿಜ ನುಡಿಯುತ್ತದೆ. ಗ್ಯಾಸಿನ ಕುಲುಮೆ ಭೋರ್ಗರೆಯಿತು. ಅಲಗು ಕೆಂಪಾಗುತ್ತ ಆಗುತ್ತ ಒಂದು ಗಳಿಗೆಯಲ್ಲಿ ಅಯಸ್ಕಾಂತಕ್ಕೆ ಅದರ ಗುರುತು ಹತ್ತದಾಯಿತು, ಸೆಳೆಯುವುದನ್ನು ಬಿಟ್ಟಿತು. ಇನ್ನೂ ತುಸು ಕಾಯಿಸಿ ಎಣ್ಣೆಗೆ ಇಳಿಸಿದ. ಸುಯ್ಯೆಂದಿತು. ಸುಟ್ಟ ಎಳ್ಳಿನ ಕಂಪು. ಅದರ ಅಡಿಯಲ್ಲಿ, ಬಹುಕಾಲ ಯಾರೋ ನರಳಿ ಮಲಗಿದ್ದ ಕೋಣೆಯ ವಾಸನೆ.

ಅರದಿಂದ ಉಜ್ಜಿದ, ಗಾಜಿನ ಮೇಲಿನಂತೆ ಜಾರಿತು. ಗಡಸುತನ ಬಂದಿತ್ತು. ಆದರೆ ಅಲಗಿನ ಬಾಯಿ ನೇರವಾಗಿರಲಿಲ್ಲ. ನಡುಗುವ ಕೈ ಎಳೆದ ಗೆರೆಯಂತೆ ಉದ್ದಕ್ಕೂ ಸಣ್ಣ ಸಣ್ಣ ಅಲೆಗಳು.

'ಬಾಯಿ ತೀರ ತೆಳುವಾಯಿತು' ಎಂದು ನೋಟ್‌ಬುಕ್ಕಿನಲ್ಲಿ ಬರೆದ. ಎರಡನೆಯ ಶನಿವಾರ ಬಾಯಿ ದಪ್ಪ ಬಿಟ್ಟ. ಉಕ್ಕಿನೊಳಗಿನ ಬಿಗುಪು ಸಡಿಲವಾಗಲೆಂದು ಮೂರು ಸಲ ಕಾಯಿಸಿ ಗಾಳಿಯಲ್ಲಿ ಆರಿಸಿದ. ತೂಗುಗುಂಡಿನ ದಾರದಷ್ಟು ನೆಟ್ಟಗೆ ಅದ್ದಿದ. ಅವೇ ಅಲೆಗಳು. ಬೇರೆ ಉಕ್ಕಿನ ಪಟ್ಟಿ ತಂದು ಮೂರನೆಯದನ್ನು ಮಾಡಿದ. ಅವೇ. ಅಂದು ಇಕ್ಕಳ ಡಬ್ಬಿಯ ಅಂಚಿಗೆ ತಾಗಿ ಕಟಕಟಿಸಿತು. 'ಚಳಿ' ಎಂದು ಬರೆದ. ಅಕ್ಷರ ತುಸು ಸೊಟ್ಟಗಿತ್ತು.

ಆ ವಾರ ಉದಯಕುಮಾರ ತುಂಬಿದ ಚಹಾದ ಕಪ್ಪನ್ನು ಒಂದು ಹನಿಯೂ ಚೆಲ್ಲದೆ ಎತ್ತಿ ಕುಡಿದ.

"ಹೊಸ ಗುಳಿಗಿ ಹತ್ಯಾವ," ಎಂದಳು ದೀಪಶ್ರೀ, ತಮ್ಮನತ್ತ ನೋಡದೆ.

ಈರೇಶನ ಕಣ್ಣು ತುಂಬಿತು. "ಮಾಮಾ, ಇನ್ನ ಟ್ರಕ್ ಹತ್ತೂದ ತಡ. ಮೊದಲನೇ ಟ್ರಿಪ್ಪಿಗೆ ನಾ ಕ್ಲೀನರ್."

ಉದಯಕುಮಾರ ಕಪ್ಪಿನಿಂದ ಮುಖ ಎತ್ತಲಿಲ್ಲ.

ಮೂರನೆಯ ಶನಿವಾರ. ಸೋಮವಾರ ವಿಟ್ಬಿಗೆ ಹೋಗಬೇಕು. ಮಧ್ಯಾಹ್ನ ಒಂದು ಅಲಗನ್ನು ಮುರಿದು ನೋಡಿದ: ಒಳಗಿನ ಕಣ ವಿಭೂತಿಯಷ್ಟು ನುಣುಪು, ಎಳ್ಳಷ್ಟೂ ದೋಷವಿಲ್ಲ. ಆ ತುಂಡುಗಳನ್ನು ಉಳಿದೆರಡರ ಮೇಲೆ ಜೋಡಿಸಿದ. ಅಲೆಗೆ ಅಲೆ ಕೂತಿತು. ಒಬ್ಬನೇ ಹಾಕಿದ ಮೂರು ಸಹಿಗಳಂತೆ. ಉಕ್ಕಿನ ತಪ್ಪು ಹೀಗೆ ತನ್ನನ್ನೇ ನಕಲು ಮಾಡುವುದಿಲ್ಲ. ಬಾಯಿ ಬದಲಾಗಿತ್ತು, ಪಟ್ಟಿ ಬದಲಾಗಿತ್ತು, ಶಾಖ ಬದಲಾಗಿತ್ತು. ಬದಲಾಗದೆ ಉಳಿದದ್ದು ಒಂದೇ.

ಕಂಬಳಿ ಸರಿಸಿ, ಎಣ್ಣೆ ಚೆಲ್ಲಲೆಂದು ಬಗ್ಗಿದ.

ಎಣ್ಣೆಯಲ್ಲಿ ಕಿಟಕಿ ಕಂಡಿತು. ಛಾವಣಿಯ ತೊಲೆ ಕಂಡಿತು. ತನ್ನ ಮುಖ ಕಾಣಲಿಲ್ಲ. ಇನ್ನೂ ಬಗ್ಗಿದ. ಮುಖ ಬಂತು. ಮೀಸೆಯಿತ್ತು. ಈರೇಶನಿಗೆ ಮೀಸೆಯಿಲ್ಲ. ಒಂದು ಕಣ್ಣು ಮುಚ್ಚಿದ. ಆ ಮುಖ ಎರಡನ್ನೂ ತೆರೆದೇ ಇತ್ತು. ಆ ಮೀಸೆ ಉದಯಕುಮಾರನದು. ಮಾಮಾ.

ಡಬ್ಬಿ ಒದ್ದ. ಎಣ್ಣೆ ನೆಲದ ಮೇಲೆ ನಿಧಾನವಾಗಿ ಹರಿಯಿತು. ಅದರ ಹಿಂದೆಯೇ ಕರಿ ಎಳ್ಳು. ಕೊನೆಗೆ, ಟಣ್ಣೆಂದು, ಒಂದು ಡಾಲರಿನ ನಾಣ್ಯ.

ಊರಿನ ಶನಿದೇವರ ಗುಡಿಯ ಕಟ್ಟೆ ಕಣ್ಣಮುಂದೆ ಬಂತು. ಪೀಡೆ ಹತ್ತಿದವರು ಎಣ್ಣೆಯಲ್ಲಿ ಮುಖ ನೋಡಿಕೊಂಡು, ಕರಿ ಎಳ್ಳು, ನಾಣ್ಯ ಹಾಕಿ, ದಾನ ಕೊಟ್ಟುಬಿಡುತ್ತಿದ್ದರು. ಇಸಿದುಕೊಂಡವನೊಂದಿಗೆ ಪೀಡೆ ಹೋಗುತ್ತಿತ್ತು. ಬಲ್ಲವರು ಕೈ ಒಡ್ಡುತ್ತಿರಲಿಲ್ಲ. ಅದಕ್ಕೆ ಅರಿಯದವನು ಬೇಕು, ಇಲ್ಲವೇ ನಂಬಿದವನು.

ಎತ್ತಿಕೊಂಡ ನಾಣ್ಯ ಅಂಗೈಯಲ್ಲಿ ನಡುಗತೊಡಗಿತು. ಮುಷ್ಟಿ ಕಟ್ಟಿದ. ಮುಷ್ಟಿಯೂ ನಡುಗಿತು.

ಅಡುಗೆಮನೆಯಲ್ಲಿ ದೀಪಶ್ರೀ ರೊಟ್ಟಿ ಬಡಿಯುತ್ತಿದ್ದಳು. ಉದಯಕುಮಾರ ಮೇಜಿನ ಬಳಿ ಕೂತು ಮಗಳ ಕೋಟಿಗೆ ಗುಂಡಿ ಹೊಲಿಯಲು ಸೂಜಿಗೆ ದಾರ ಪೋಣಿಸುತ್ತಿದ್ದ. ದಾರ ಸಲೀಸಾಗಿ ಒಳಹೊಕ್ಕಿತು. ಈರೇಶ ನಾಣ್ಯವನ್ನು ಮೇಜಿನ ಮೇಲಿಡಲು ಹೋದ. ಅದು ಮರಕ್ಕೆ ಕಟಕಟನೆ ಬಡಿಯಿತು.

"ಇದು ಎಣ್ಣ್ಯಾಗ ಇತ್ತು, ಅಕ್ಕಾ."

ರೊಟ್ಟಿಯ ಸದ್ದು ನಿಂತಿತು.

"ಯಾರಿಗರೆ ಕೊಡಬೇಕಾಗಿತ್ತು, ಈರೂ," ಎಂದಳು. "ಹೊರಗಿನವರು ಇಸಗೊಳ್ಳಲಿಲ್ಲ."

"ನಾ ಇಸಗೊಂಡೆ."

"ನೀ ಒಬ್ಬಾಂವ ಅದಿ. ನನಗ ಎರಡ ಮಕ್ಕಳದಾವ. ನಿನ್ನ ಎತ್ತಿ ಆಡಿಸಿದಾಕಿ ನಾನ. ಇಷ್ಟರೆ ಮಾಡ್ತಾನ ತಮ್ಮ, ಅನಕೊಂಡೆ."

"ಕೇಳಿದ್ರ ಕೊಡತಿದ್ನೋ ಏನೋ. ನೀ ಕೇಳಲೇ ಇಲ್ಲಲ್ಲ."

ಉದಯಕುಮಾರ ತಲೆ ತಗ್ಗಿಸಿ ಗುಂಡಿಯನ್ನೇ ಹೊಲಿಯುತ್ತಿದ್ದ. ಹೊಲಿಗೆ ಒಂದೊಂದೂ ಅಚ್ಚುಕಟ್ಟಾಗಿ ಬೀಳುತ್ತಿತ್ತು.

ಈರೇಶ ಎಡಗೈಯಿಂದ ಸೂಟ್‌ಕೇಸ್ ತುಂಬಿದ, ಎಡಗೈಯಿಂದ ಅದನ್ನು ಮೆಟ್ಟಿಲು ಹತ್ತಿಸಿದ. ಅಕ್ಕ ಬಟ್ಟೆಯಲ್ಲಿ ಸುತ್ತಿದ ರೊಟ್ಟಿಗಂಟು ಹಿಡಿದು ಪಡಸಾಲೆಯಲ್ಲಿ ನಿಂತಿದ್ದಳು. ಅವಳು ಕೈ ಚಾಚಿದಳು. ಅವನು ಆ ಗಂಟನ್ನೇ ನೋಡಿದ. ಅಂದು ಯಾವ ವಾರವೆಂಬುದು ಇಬ್ಬರಿಗೂ ನೆನಪಾಯಿತು. ಅವಳ ಕೈ ತಾನಾಗಿ ಕೆಳಗಿಳಿಯಿತು.

ಹೊರಗೆ ವರ್ಷದ ಮೊದಲ ಹಿಮ ಉದುರುತ್ತಿತ್ತು. ಹಿಂದೆ ಬಾಗಿಲು ಮುಚ್ಚಿತು. ಆರು ತಿಂಗಳ ರೂಢಿಯಿಂದ ಈರೇಶ ಉಸಿರು ಹಿಡಿದು ಮೆಟ್ಟಿಲ ಮೇಲೆ ನಿಂತ. ಒಳಗೆ ಸರಪಳಿ, ಒಂದೇ ಸಲಕ್ಕೆ, ಸದ್ದಿಲ್ಲದಷ್ಟು ನಯವಾಗಿ ಸಿಕ್ಕಿಕೊಂಡಿತು.