ಚೆನ್ನಾಜಿಯೂ ಉಸಿರಿನ ಒಡೆಯನೂ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ತೊರೆನಾಡು ಎಂಬ ರಾಜ್ಯವಿತ್ತು. ಸಿಂಹಾಸನದ ಮೇಲೆ ಕೂತವನು ಮಾಧವರಸ ಎಂಬ ದೊರೆ. ಆದರೆ ನಡೆಯುತ್ತಿದ್ದದ್ದು ಉದ್ದಂಡಸಿದ್ಧನೆಂಬ ಮಾಂತ್ರಿಕನ ಮಾತು.

ಸಿದ್ಧನು ತನ್ನ ಮೈಯ ತೊಗಲನ್ನೇ ಮಂತ್ರದಿಂದ ಹಿಗ್ಗಿಸಿ, ಒಂದು ಬೆಟ್ಟದಿಂದ ಇನ್ನೊಂದು ಬೆಟ್ಟಕ್ಕೆ ಬಿಗಿದು ಕಟ್ಟಿದ್ದ. ಅದೇ ಆಕಾಶವೆಂದು ಜನರನ್ನು ನಂಬಿಸಿದ್ದ. ಅದಕ್ಕೆ ಚುಕ್ಕೆ ಮೆತ್ತಿದವನು ತಾನು, ಅದರಾಚೆ ಏನೂ ಇಲ್ಲ, ಮಣ್ಣಿಗೆ ಮೊದಲ ಉಸಿರು ಊದಿದವನೂ ತಾನು, ಇವತ್ತಿಗೂ ಹುಟ್ಟುವ ಪ್ರತಿ ಕೂಸಿಗೆ ಉಸಿರು ಕೊಡುವವನೂ ತಾನೇ ಎಂದು ಡಂಗುರ ಹೊಡೆಸಿದ್ದ.

ದೊರೆಯ ಕೋಟೆಯೊಳಗಿನ ಊರಿನಲ್ಲಿ ಚಾಪೆ ಹೆಣೆಯುವ ಚೆನ್ನಾಜಿ ಇದ್ದಳು. ಅವಳಿಗೆ ನೀಲವ್ವ ಎಂಬ ಒಬ್ಬಳೇ ತಂಗಿ. ತಾಯಿ ಸತ್ತ ಮೇಲೆ ಅಕ್ಕನೇ ಅವಳನ್ನು ಸಾಕಿ, ಮದುವೆ ಮಾಡಿ, ಬಾಣಂತನಕ್ಕೆಂದು ಮನೆಗೆ ಕರೆತಂದಿದ್ದಳು. ಹೆರಿಗೆಯಾಯಿತು. ಹೆಣ್ಣು ಕೂಸು, ತಲೆತುಂಬ ಕೂದಲು. ಆದರೆ ಕೂಸು ಅಳಲಿಲ್ಲ.

ತಾಯಿಯ ಮನಸ್ಸಿನಲ್ಲಿ ಪಾಪವಿತ್ತು, ಅದಕ್ಕೇ ಉಸಿರು ಕೊಡಲಿಲ್ಲ ಎಂದು ಸಿದ್ಧ ಆಸ್ಥಾನದಲ್ಲಿ ಹೇಳಿದ. ಅಂಥ ಹೆಂಗಸರೆಲ್ಲ ಕೋಟೆಯ ಹೊರಗಿನ ಗುಡಿಸಲುಗಳಲ್ಲಿ ಬಾಳಬೇಕೆಂದು ಅವನ ಕಟ್ಟಳೆ. ನೀಲವ್ವನ ಗಂಡ ತಲೆ ತಗ್ಗಿಸಿದ. ದೊರೆಯೂ ತಲೆ ತಗ್ಗಿಸಿದ. ಎದೆಹಾಲಿಗೆ ಸೀರೆ ನೆನೆಯುತ್ತಿದ್ದಂತೆಯೇ ನೀಲವ್ವ ಎದ್ದು ಹೊರಟಳು. ಅಕ್ಕ ಕೈ ಹಿಡಿದು ತಡೆದಳು.

“ನನ್ನಲ್ಲೇ ಏನೋ ತಪ್ಪಿರಬೇಕು, ಅಕ್ಕಾ,” ಎಂದಳು ನೀಲವ್ವ. ಕೈ ಬಿಡಿಸಿಕೊಂಡು ಗುಡಿಸಲಿಗೆ ಹೋದವಳು ಆಮೇಲೆ ಮಾತೇ ಬಿಟ್ಟಳು.

ಚೆನ್ನಾಜಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ನೇರವಾಗಿ ಸಿದ್ಧನ ಮುಂದೆ ಹೋಗಿ ನಿಂತಳು. “ಉಸಿರು ಕೊಡೋನು ನೀನಾದರೆ, ಆ ಕೂಸನ್ನ ಕೊಂದೋನೂ ನೀನೇ. ಅದೇನು ಮಾಡಿತ್ತು ನಿನಗೆ?”

ಆಸ್ಥಾನ ನಡುಗಿತು. ಸಿದ್ಧ ನಕ್ಕುಬಿಟ್ಟ. ನನ್ನ ಮೇಲೆ ಅನುಮಾನವಿದ್ದರೆ ಆಕಾಶದ ಅಂಚಿಗೆ ಹೋಗಿ ನೋಡಿಕೊಂಡು ಬಾ, ಹೋದವರು ಯಾರೂ ಬಂದಿಲ್ಲ ಎಂದ. ಚೆನ್ನಾಜಿ ಅಲ್ಲಿಂದಲೇ ಹೊರಟಳು.

ತೊಗಲು ಬೆಟ್ಟಕ್ಕೆ ತಾಗುವ ಕಡೆ ಒಂದು ಗವಿ, ಗವಿಯ ಬಾಯಲ್ಲಿ ಕಲ್ಲಿನ ಹುಲಿ. ಕಾಲಿಗೆ ಬಿದ್ದವರನ್ನೆಲ್ಲ ಅದು ತಿಂದಿತ್ತು. ಸುತ್ತ ಮೂಳೆಗಳ ರಾಶಿಯಿತ್ತು.

“ಎಲ್ಲರೂ ಬೀಳ್ತಾರೆ. ನೀನ್ಯಾಕೆ ಬೀಳಲಿಲ್ಲ?” ಎಂದಿತು ಹುಲಿ.

“ಬಿದ್ದೂ ಬಿದ್ದೂ ನಮ್ಮೂರು ಹಾಳಾಗಿದೆ. ದಾರಿ ಬಿಡು.”

ನಿಂತವರನ್ನು ತಿನ್ನಲು ಆ ಹುಲಿಗೆ ಬಾಯೇ ಬಿಚ್ಚುತ್ತಿರಲಿಲ್ಲ. ಅದು ಪಕ್ಕಕ್ಕೆ ಸರಿಯಿತು.

ಗವಿಯ ಆಚೆ ಬೂದಿಬಣ್ಣದ ಹಕ್ಕಿಯೊಂದು ಕೂತಿತ್ತು. ರೆಕ್ಕೆ ಬಿಚ್ಚಿದರೆ ಊರಿಗೆ ಊರೇ ನೆರಳಾಗುವಂಥದ್ದು. ಚೆನ್ನಾಜಿ ಅದರ ಬೆನ್ನೇರಿದಳು. ಹಕ್ಕಿ ಮೇಲಕ್ಕೆ, ಇನ್ನೂ ಮೇಲಕ್ಕೆ ಹಾರಿತು. ತೊರೆನಾಡು ಅಂಗೈಯಷ್ಟಾಯಿತು, ಆಮೇಲೆ ಕಾಣದಾಯಿತು. ಭೂಮಿಯೇ ರಾಗಿಕಾಳಷ್ಟಾಯಿತು. ಸೂರ್ಯ ಒಂದು ಚುಕ್ಕೆಯಾದ. ಅಂಥ ಸೂರ್ಯರ ಹಿಂಡು, ಹಿಂಡಿನಾಚೆ ಹಿಂಡು, ಅದರಾಚೆಗೂ ಕತ್ತಲು, ಆ ಕತ್ತಲಾಚೆ ಮತ್ತೆ ಹಿಂಡು. ಅಲ್ಲಿನ ಕೆಲವು ಬೆಳಕು ಹೊರಟಾಗ ನೋಡಲು ಕಣ್ಣೆಂಬುದೇ ಹುಟ್ಟಿರಲಿಲ್ಲವೆಂದು ಹಕ್ಕಿ ಹೇಳಿತು.

“ಇಷ್ಟು ದೊಡ್ಡದರೊಳಗೆ ಒಂದು ಕೂಸು ಎಷ್ಟರದು, ಮಗಳೇ? ಮರೆತುಬಿಡು.”

ಚೆನ್ನಾಜಿಯ ಕೈ ಸಡಿಲವಾಗುತ್ತ ಬಂತು. ಹೌದು, ಎಷ್ಟರದು ಎನ್ನಿಸಿತು. ಅಷ್ಟರಲ್ಲಿ ತಂಗಿಯ ನೆನೆದ ಸೀರೆ ಕಣ್ಣಿಗೆ ಕಟ್ಟಿತು. ಎಲ್ಲಿಲ್ಲದ ಸಿಟ್ಟು ಬಂದು ಹಕ್ಕಿಯ ಗರಿಗಳನ್ನು ಬಿಗಿಯಾಗಿ ಹಿಡಿದಳು.

“ಆಕಾಶ ದೊಡ್ಡದಾದರೆ ನನ್ನ ತಂಗಿಯ ಸಂಕಟ ಚಿಕ್ಕದಾಗುತ್ತಾ? ಇದನ್ನೆಲ್ಲ ಮುಚ್ಚಿಟ್ಟು ಅವಳನ್ನ ಪಾಪಿ ಅಂದನಲ್ಲ, ಅವನನ್ನ ನಾನು ಬಿಡೋದಿಲ್ಲ.”

ಹಕ್ಕಿಗೆ ಸಮಾಧಾನವಾಯಿತು. ಹೌದೆಂದು ಒಪ್ಪಿದವರೆಲ್ಲ ಕೈಸೋತು ಬಿದ್ದುಹೋದರೆಂದು ಹೇಳಿ, ಅವಳನ್ನು ಭೂಮಿಯ ಮೊಟ್ಟಮೊದಲ ಬಿಸಿನೀರ ಬುಗ್ಗೆಯ ಬಳಿ ಇಳಿಸಿತು.

ಬುಗ್ಗೆಯ ತಳದಲ್ಲಿ ಹಸಿರು ಪಾಚಿಯಿತ್ತು. ಜೀವವಿರುವ ಎಲ್ಲಕ್ಕಿಂತ ಹಳೆಯದು. ನೀರಿಗಿಳಿದವರೊಡನೆ ಮಾತ್ರ ಅದು ಮಾತಾಡುತ್ತಿತ್ತು. ಚೆನ್ನಾಜಿ ಇಳಿದಳು. ಚರ್ಮದ ಮೇಲೆ ಬೊಬ್ಬೆ ಎದ್ದರೂ ಹಲ್ಲುಕಚ್ಚಿ ಕತ್ತಿನವರೆಗೆ ಇಳಿದಳು.

“ಅಜ್ಜೀ, ನಿನಗೆ ಉಸಿರು ಕೊಟ್ಟೋರು ಯಾರು?”

“ಯಾರೂ ಇಲ್ಲ, ಮಗಾ,” ಎಂದಿತು ಪಾಚಿ. “ನೀರು ಬೆಚ್ಚಗಿತ್ತು, ಕೆಸರಿತ್ತು, ಕಾಲ ಬೇಕಾದಷ್ಟಿತ್ತು. ನನಗಿಂತ ಮೊದಲು ಇಲ್ಲಿ ಜೀವ ಎಷ್ಟೋ ಸಲ ಮಿಸುಕಿತು, ಎಷ್ಟೋ ಸಲ ನಿಂತುಹೋಯಿತು. ಒಂದು ಸಲ ನಿಲ್ಲಲಿಲ್ಲ. ಅದು ನಾನು. ನಿಂತುಹೋದವು ಏನೂ ತಪ್ಪು ಮಾಡಿರಲಿಲ್ಲ. ಅವಕ್ಕೆ ಒಡಲಾಗಿದ್ದ ನೀರೂ ತಪ್ಪು ಮಾಡಿರಲಿಲ್ಲ.”

ಆಗ ಚೆನ್ನಾಜಿ ಅತ್ತಳು. ಮನಸಾರೆ ಅತ್ತು, ಎದ್ದು, ಹಕ್ಕಿಯ ಬೆನ್ನೇರಿ ಗವಿಯವರೆಗೆ ಬಂದು, ಅಲ್ಲಿಂದ ನಡೆದು ಊರು ಸೇರಿದಳು.

ಸಂಜೆಯ ಸಭೆ ಕೋಟೆಯ ಅಂಗಳದಲ್ಲಿ ನೆರೆದಿತ್ತು. ಕಂಡದ್ದನ್ನೆಲ್ಲ ಒಂದೂ ಬಿಡದೆ ಅಲ್ಲಿ ಹೇಳಿದಳು. ಸಿದ್ಧನ ಮುಖ ಕೆಂಪಾಯಿತು. ಕೋಲೆತ್ತಿ, ಇವಳ ಉಸಿರು ನಿಲ್ಲಲಿ ಎಂದ. ಜನ ಕಣ್ಣು ಮುಚ್ಚಿಕೊಂಡರು. ಚೆನ್ನಾಜಿ ಉಸಿರಾಡುತ್ತ ನಿಂತೇ ಇದ್ದಳು. ಇನ್ನೊಮ್ಮೆ ಕೂಗಿದ, ಮತ್ತೊಮ್ಮೆ ಅರಚಿದ. ಅವನಿಗೇ ಏದುಸಿರು ಬಂತು.

“ಕೊಡೋಕೂ ಬರಲ್ಲ, ಕಿತ್ಕೊಳ್ಳೋಕೂ ಬರಲ್ಲ,” ಎಂದಳು ಚೆನ್ನಾಜಿ. “ದೂರೋಕೆ ಮಾತ್ರ ಬರುತ್ತೆ.”

ಅಷ್ಟರಲ್ಲಿ ಹಕ್ಕಿ ಆಚೆಯಿಂದ ಕೊಕ್ಕು ಹಾಕಿ ಮೇಲಿನ ತೊಗಲನ್ನು ಚರ್ರನೆ ಸೀಳಿತು. ಅದು ಹರಿದಂತೆ ಸಿದ್ಧನೂ ಹರಿದು, ಒಣಗಿದ ಸಿಪ್ಪೆಯಾಗಿ ನೆಲಕ್ಕೆ ಬಿದ್ದ. ನಿಜವಾದ ಆಕಾಶ ಮೊದಲ ಬಾರಿಗೆ ಕಂಡಿತು. ಜನ ಅದನ್ನು ನೋಡಿ ಒಬ್ಬರನ್ನೊಬ್ಬರು ಹಿಡಿದುಕೊಂಡರು.

ದೊರೆ ಕತ್ತಿನ ಹಾರ ಬಿಚ್ಚಿ ಚೆನ್ನಾಜಿಗೆ ಕೊಡಬಂದ. ಅವಳಿಗೆ ಮತ್ತೆ ಮೈ ಉರಿಯಿತು.

“ಇದು ಯಾರಿಗೆ ಬೇಕು, ದೊರೆಯೇ? ಹೊರಗಿನ ಗುಡಿಸಲುಗಳಿಗೆ ನಡೆಯಿರಿ. ಒಬ್ಬೊಬ್ಬಳ ಎದುರೂ ನಿಂತು, ತಪ್ಪಾಯ್ತು ಅನ್ನಿ.”

ದೊರೆ ಬರಿಗಾಲಲ್ಲಿ ನಡೆದ. ನೀಲವ್ವನ ಗಂಡನೂ ಹಿಂದೆ ನಡೆದ. ಗುಡಿಸಲಿನಿಂದ ಗುಡಿಸಲಿಗೆ ಹೋಗಿ ತಪ್ಪೊಪ್ಪಿಕೊಂಡರು. ಕೆಲವರು ಕ್ಷಮಿಸಿದರು, ಒಬ್ಬ ಮುದುಕಿ ಬಾಗಿಲು ತೆರೆಯಲೇ ಇಲ್ಲ. ಚೆನ್ನಾಜಿ ತಂಗಿಯ ಪಕ್ಕ ಕೂತು ಪಾಚಿಯಜ್ಜಿ ಹೇಳಿದ್ದನ್ನು ಹೇಳಿದಳು. ನೀಲವ್ವ ಅಕ್ಕನ ಕೈ ಹಿಡಿದಳು.

“ನನ್ನ ಕೂಸಿಗೆ ತಂಗಾಳಿ ಅಂತ ಹೆಸರಿಡಬೇಕು ಅಂದ್ಕೊಂಡಿದ್ದೆ, ಅಕ್ಕಾ,” ಎಂದಳು.

ಆ ಹೆಂಗಸರೆಲ್ಲ ಹೆಬ್ಬಾಗಿಲಿನಿಂದಲೇ ಊರೊಳಗೆ ಬಂದರು. ತೊರೆನಾಡು ಹಸಿರಾಯಿತು, ಮನೆಮನೆಯಲ್ಲಿ ನಗು ತುಂಬಿತು, ಎಲ್ಲರೂ ಸುಖವಾಗಿ ಬಾಳಿದರು. ಚೆನ್ನಾಜಿಯೂ ಸುಖವಾಗಿದ್ದಳು. ಸಿಟ್ಟನ್ನು ಮಾತ್ರ ಕೊನೆವರೆಗೂ ಬಿಡಲಿಲ್ಲ. ಬಿಡು ಎಂದು ಯಾರೂ ಹೇಳಲೂ ಇಲ್ಲ.