ನೂರಿಪ್ಪತ್ತು ಶಾಲುಗಳ ಅಂಚು

"ಅಂಚನ್ನ ಹಿಂಗೇ ಬಿಟ್ಬುಟ್ಟಿದ್ದೀರಲ್ಲಾ, ಇದೇನು ಕೆಲಸಾನಾ? ನೆಲ ಒರೆಸೋ ಬಟ್ಟೆಗೂ ನಾನು ಅಂಚು ಹೊಲೀತೀನಿ!"

ಗಿರಿಜಾಂಬಾ ಶಾಲನ್ನು ಮೇಜಿನ ಮೇಲೆ ಎಸೆದಳು. ಮಂಡಿ ಮೊಹಲ್ಲಾದ ಆ ಹೊಲಿಗೆ ಮನೆಯಲ್ಲಿ ಎಂಟು ಮಷಿನ್ನುಗಳೂ ಒಮ್ಮೆಲೇ ನಿಂತವು. ಕಟಿಂಗ್ ಮಾಸ್ಟರ್ ಆಗಿ ಅಂದೇ ಸೇರಿದ್ದ ಅಮರೇಶ್ ನಕ್ಕ.

"ಇದು ಫ್ಲೀಸ್ ಕಣ್ರೀ, ಉಣ್ಣೆ ಥರದ ಬಟ್ಟೆ. ನೂಲು ಬಿಚ್ಚಲ್ಲ. ಬೇಕಾದ್ರೆ ಎಳೆದು ನೋಡಿ."

ಎಳೆದಳು. ಒಂದು ಎಳೆಯೂ ಬರಲಿಲ್ಲ. ಸೋತಿದ್ದಕ್ಕೆ ಸಿಟ್ಟು ಬಂತು... ಅವನ ನಗು ನೋಡಿ ಇನ್ನೂ ಬಂತು!

ಇದು ತೊಂಬತ್ತೆಂಟರ ಮಾತು. ದೀಪಾವಳಿಯ ಹೊತ್ತಿಗೆ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು.

"ನಿಮ್ಮನೇಗೆ ಬಂದು ಹೆಣ್ಣು ಕೇಳ್ಲಾ?" ಅಮರೇಶ್ ಒಂದು ದಿನ ಕೇಳಿದ.

"ಊಟಿ ಆರ್ಡರ್ ಮುಗೀಲಿ."

ಊಟಿಯ ಅಂಗಡಿಗೆ ನೂರಿಪ್ಪತ್ತು ಫ್ಲೀಸ್ ಶಾಲು ಹೋಗಬೇಕಿತ್ತು. ಅಮರೇಶ್ ಎಲ್ಲವನ್ನೂ ಕತ್ತರಿಸಿ, "ಅಂಚು ಮುಟ್ಬೇಡಿ, ಹಂಗೇ ಮಡಚಿ ಕಟ್ಟಿ" ಎಂದು ಹೇಳಿ, ಮಾದರಿ ತೋರಿಸಲು ಎರಡು ದಿನ ಊಟಿಗೆ ಹೋದ.

ಪಕ್ಕದ ಮಷಿನ್ನಿನ ಮಹದೇವಮ್ಮ ಚುಚ್ಚಿದಳು. "ನಿನ್ನ ಮಾಸ್ಟರ್ರು ಅರ್ಧ ಕೆಲಸದೋರು ಕಣಮ್ಮ. ನಾಳೆ ಸಂಸಾರಾನೂ ಅರ್ಧಕ್ಕೇ ಬಿಟ್ಟಾರು!"

ಅದು ನಾಟಿತು. ನನ್ನವನನ್ನು ಯಾರೂ ಹೀಗೆ ಅನ್ನಬಾರದು... ಎರಡು ದಿನ ಕೂತು ನೂರಿಪ್ಪತ್ತು ಶಾಲುಗಳ ಅಂಚಿಗೂ ಓವರ್‌ಲಾಕ್ ಹೊಲಿಗೆ ಹಾಕಿದಳು. ಕಾಟನ್ ಬಟ್ಟೆಯನ್ನು ಎಳೆದು ಹಿಡಿದು ರೂಢಿಯಾದ ಕೈ, ಇದನ್ನೂ ಎಳೆದೇ ಹೊಲಿಯಿತು. ಫ್ಲೀಸ್ ಹಿಗ್ಗಿತು. ಅಂಚು ಕರಿದ ಹಪ್ಪಳದಂತೆ ಸೊಟ್ಟಗಾಯಿತು. ಅಮರೇಶ್ ಬರುವ ಮೊದಲೇ ಕಟ್ಟಿ ಕಳಿಸಿದ ಮಾಲು ಊಟಿಗೆ ಹೋದ ಹಾಗೆಯೇ ವಾಪಸ್ ಬಂತು.

"ಯಾರು ಮಾಡಿದ್ದು ಇದು?" ಮಾಲೀಕ ಚಿಕ್ಕಬಸವಯ್ಯ ಕೂಗಾಡಿದರು.

ಗಿರಿಜಾಂಬಾ ತಲೆ ತಗ್ಗಿಸಿದಳು. ಮನೆಯಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದರು. ಅವಳ ದುಡಿಮೆಯೊಂದೇ ಮನೆಗೆ ಆಧಾರ.

ಅಮರೇಶ್ ಅವಳನ್ನೇ ನೋಡಿದ. ಕಾದ. ಅವಳು ತಲೆ ಎತ್ತಲಿಲ್ಲ.

"ನಾನೇ ಹೇಳಿದ್ದೆ ಸಾವ್ಕಾರ್ರೇ, ಓವರ್‌ಲಾಕ್ ಹಾಕಿ ಅಂತ."

ಆಗಿಂದಾಗಲೇ ಅವನನ್ನು ಹೊರಗೆ ಕಳಿಸಿದರು. ಇನ್ನು ಅವನು ನನ್ನ ಮುಖ ನೋಡುವುದಿಲ್ಲ ಎಂದುಕೊಂಡಳು ಅವಳು. ಅವಳಿಗೆ ಕೆಲಸವೇ ದೊಡ್ಡದು, ನಾನಲ್ಲ ಎಂದುಕೊಂಡ ಅವನು. ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ.

ಹೀಗೇ ಎಂಟು ವರ್ಷ ಕಳೆಯಿತು!

ಅಪ್ಪ ತೀರಿಕೊಂಡರು. ಆಮೇಲೂ ಅವಳಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಕೊನೆಗೆ ಒಂದು ದಿನ ಮಹದೇವಮ್ಮನೇ ಹೇಳಿದಳು.

"ನಿನ್ನ ಮಾಸ್ಟರ್ರನ್ನ ನೋಡ್ದೆ ಕಣೇ. ಮಾಲು ಕೆಡಿಸಿದೋನು ಅಂತ ಈ ಕಡೆ ಯಾರೂ ಕತ್ತರಿ ಕೆಲಸ ಕೊಡ್ಲಿಲ್ವಂತೆ. ದಟ್ಟಗಳ್ಳೀಲಿ ತಗಡು ಶೀಟಿನ ಗೂಡಂಗಡಿ ಹಾಕ್ಕೊಂಡು ಹಳೇ ಪ್ಯಾಂಟಿಗೆ ಜಿಪ್ ಹಾಕ್ತವ್ರೆ."

ಗಿರಿಜಾಂಬಾ ಎದ್ದಳು. ಎಲ್ಲರ ಎದುರು ಚಿಕ್ಕಬಸವಯ್ಯನವರಿಗೆ ನಿಜ ಹೇಳಿದಳು.

"ನಾಳೆಯಿಂದ ಬರಬೇಡ" ಎಂದರು ಅವರು.

ಅಲ್ಲಿಂದಲೇ ದಟ್ಟಗಳ್ಳಿ ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಕೂತಿದ್ದ ಅಮರೇಶನ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು. ಅವಳನ್ನು ನೋಡಿಯೂ ಏಳಲಿಲ್ಲ.

"ಏನು ಬೇಕಿತ್ತು? ಜಿಪ್ಪಾ?"

"ಹೇಳ್ಬುಟ್ಟು ಬಂದೆ. ಕೆಡಿಸಿದ್ದು ನಾನು ಅಂತ. ಎಲ್ಲರ ಎದುರಿಗೂ..."

"ಈಗ ಹೇಳಿ ಏನು ಬಂತು ಗಿರಿಜಾ? ಕೆಲಸ ಹೋಗಿದ್ದಕ್ಕೆ ನಂಗೆ ನೋವಿಲ್ಲ. ಸಾಯಂಕಾಲ ಬಂದು ಒಂದು ಮಾತಾಡ್ತೀಯ ಅಂತ ಬಾಗಿಲು ತೆಗೆದು ಕೂತಿದ್ದೆ. ಎಷ್ಟೋ ದಿನ ಕೂತಿದ್ದೆ."

"ನನ್ನ ಮುಖ ನೋಡಲ್ಲ ಅಂದ್ಕೊಂಡೆ..."

"ಕೇಳಿದ್ಯಾ?"

ಅವಳು ನೆಲಕ್ಕೆ ಬಿದ್ದಿದ್ದ ಜಿಪ್ ಎತ್ತಿ ಅವನ ಮಷಿನ್ನಿನ ಮೇಲಿಟ್ಟಳು.

"ಮದುವೆ...?" ಅವಳೇ ಮೆಲ್ಲಗೆ ಕೇಳಿದಳು.

"ಹೆಸರು ಕೆಟ್ಟೋನಿಗೆ ಯಾರು ಹೆಣ್ಣು ಕೊಡ್ತಾರೆ? ನಿಂದು?"

"ಯಾರನ್ನೂ ಒಪ್ಲಿಲ್ಲ."

ಅವನು ಸೂಜಿಗೆ ದಾರ ಪೋಣಿಸತೊಡಗಿದ.

"ಕ್ಷಮಿಸ್ತೀರಾ?"

"ಇಲ್ಲ. ಅಷ್ಟು ದೊಡ್ಡ ಮನಸ್ಸು ನಂದಲ್ಲ."

ಅವಳು ಸೆರಗು ಹೊದ್ದು ತಿರುಗಿದಳು. "ಹಂಗಾದ್ರೆ ಹೋಗ್ತೀನಿ."

"ಹೋಗು ಅಂದ್ನಾ ನಾನು?" ಅವನ ದನಿ ಒಡೆಯಿತು. ಸ್ಟೂಲಿನ ಮೇಲಿದ್ದ ಬಟ್ಟೆಗಳನ್ನು ಕೆಳಗೆ ತಳ್ಳಿದ. "ಕೂತ್ಕೋ. ಬೈಯೋದು ಇನ್ನೂ ಬಹಳ ಇದೆ."

ಅವಳು ಕೂತಳು.

"ಬೈರಿ... ಎಷ್ಟು ವರ್ಷ ಬೇಕಾದ್ರೂ ಬೈರಿ."