ಹರಿದ ಹದಿನಾರು ಪುಟ

ಕಮಲಾಕ್ಷ ಮೊದಲ ಸಲ ನಮ್ಮ ಬಾಗಿಲಿಗೆ ಬಂದಾಗ ನಾನು ಅವನಿಗೆ ಕುಳಿತುಕೊಳ್ಳಲೂ ಹೇಳಲಿಲ್ಲ. ಊರಲ್ಲಿ ರಜೆ ಮುಗಿಸಿ ಬರುವಾಗ ಕಾಪುವಿನಿಂದ ನನ್ನ ಅಮ್ಮ ಕೊಟ್ಟ ಪೊಟ್ಟಣ ತಂದಿದ್ದ. ಹಪ್ಪಳ, ಉಪ್ಪಿನಕಾಯಿ, ನಾನು ಕೇಳಿದ್ದ ಪತ್ತೇದಾರಿ ಕಾದಂಬರಿ. ಕೊನೆಯ ಪುಟ ಮೊದಲು ನೋಡುವುದು ನನ್ನ ಅಭ್ಯಾಸ. ನೋಡಿದರೆ, ಕೊನೆಯ ಹದಿನಾರು ಪುಟಗಳೇ ಇಲ್ಲ.

“ಎಂತ ಮಾರಾಯ್ರೆ, ವಿಮಾನದಲ್ಲಿ ಚಕ್ಕುಲಿ ಕಟ್ಟಿಕೊಳ್ಳಲಿಕ್ಕೆ ಇದೇ ಕಾಗದ ಬೇಕಿತ್ತಾ?”

“ತಪ್ಪಾಯ್ತು ಸಿಸ್ಟರ್,” ಅಂದ. ವಾದಿಸಲೂ ಬಾರದ ಗಂಡಸು!

ಎಸಿ ಮೆಕ್ಯಾನಿಕ್ ಎಂದು ತಿಳಿದದ್ದೇ ತಡ, ಜೊತೆಯ ನರ್ಸ್ ಮೇಬಲ್ ಅವನಿಗೆ ಸೋರುವ ಎಸಿ ತೋರಿಸಿದಳು. ೮೩ರ ಆ ಬೇಸಿಗೆಯಲ್ಲಿ, ಗಲ್ಫಿನ ಮನಾಮಾದ ಉಮ್ ಅಲ್ ಹಸ್ಸಮ್‌ನ ನಮ್ಮ ಫ್ಲ್ಯಾಟಿಗೆ ಪ್ರತಿ ಶುಕ್ರವಾರ ಅವನೇ ಅತಿಥಿ. ಅವನು ಸ್ಟೂಲಿನ ಮೇಲೆ, ನಾನು ಕೆಳಗೆ ಕಾದಂಬರಿ ಹಿಡಿದು. ಕಾದಂಬರಿಯಲ್ಲಿ ಅಜ್ಜಿ, ತಾಯಿ, ಮಗಳು. ಒಂದೇ ಮನೆ, ಮೂರು ಹರಿತ ನಾಲಗೆ. ಅಜ್ಜಿ ವಿಷ ಕುಡಿದು ಸತ್ತಿದ್ದಾಳೆ.

“ಕೊಂದದ್ದು ತಾಯಿಯೇ,” ಅಂದೆ. “ಅಂಥವರು ನಮ್ಮ ಮನೆಯಲ್ಲೇ ಒಬ್ಬರುಂಟು, ನನ್ನ ಅಮ್ಮ. ಅವರು ನೋಡಿದ ಗಂಡನ್ನು ನಾನು ಒಪ್ಪಲಿಲ್ಲ ಅಂತ ಎಂಟು ತಿಂಗಳಿಂದ ಒಂದು ಕಾಗದ ಇಲ್ಲ. ಅಹಂಕಾರ!”

“ನೀವೂ ಬರೆದಿಲ್ಲವಲ್ಲ ಸಿಸ್ಟರ್.”

“ಪುಸ್ತಕ ಕಳಿಸಿ ಅಂತ ಬರೆದಿದ್ದೆ. ನೀವು ಫಿಲ್ಟರ್ ನೋಡಿ.”

ಅವನು ನನ್ನನ್ನು ನೋಡಿದ. ಅರೆಕ್ಷಣ. ಆಮೇಲೆ ಕಿವಿ ಕೆಂಪಾಗಿ ಫಿಲ್ಟರಿನ ಕಡೆ ತಿರುಗಿದ.

“ಸಿಸ್ಟರ್ ಅನ್ನುವವನ ಕಣ್ಣು ನೋಡೇ!” ಅವನು ಹೋದ ಮೇಲೆ ಮೇಬಲ್ ನಕ್ಕಳು.

ಎಸಿಯ ನೀರಿನ ಪೈಪನ್ನು ಅವನೇ ಸಡಿಲ ಬಿಟ್ಟು ಹೋಗುತ್ತಾನೆಂದು ಮೂರನೇ ವಾರವೇ ನನಗೆ ತಿಳಿದಿತ್ತು. ಎಂಥ ಅಗ್ಗದ ಉಪಾಯ! ನಾನು ಬೇರೆ ಮೆಕ್ಯಾನಿಕ್‌ನನ್ನು ಕರೆಯಲಿಲ್ಲ ಎಂಬುದು ಬೇರೆ ಮಾತು.

ಆರನೇ ಶುಕ್ರವಾರ ಅವನು ಸಲಕರಣೆ ಇಲ್ಲದೆ ಬರಿಗೈಯಲ್ಲಿ ಬಂದ.

“ಪುಟ ಹರಿದದ್ದು ನಾನಲ್ಲ. ನಿಮ್ಮ ಅಮ್ಮ. ಕೊನೆಯ ಅಧ್ಯಾಯ ನನ್ನಿಂದ ಓದಿಸಿದರು, ಆಮೇಲೆ ಹರಿದರು.”

“ಸುಳ್ಳು. ಅಮ್ಮನಿಗೆ ಓದಲಿಕ್ಕೆ ಬರ್ತದೆ.”

“ಬರ್ತದೆ. ಕಾಣುವುದಿಲ್ಲ.”

ಎಂಟು ತಿಂಗಳು ಕಾಗದ ಬಾರದ್ದು ಇದಕ್ಕೇ! ನಾನು ಕಾದಂಬರಿ ಎತ್ತಿ ಹರಿದ ಅಂಚು ನೋಡಿದೆ.

“ಕಾದಂಬರಿಯಲ್ಲಿ ಯಾರೂ ಕೊಂದಿಲ್ಲ. ಅಜ್ಜಿಗೆ ಕಣ್ಣು ಹೋಗಿತ್ತು, ಹಠಕ್ಕೆ ಯಾರಿಗೂ ಹೇಳಲಿಲ್ಲ. ಕಷಾಯ ಅಂತ ವಿಷದ ಬಾಟ್ಲಿ ಎತ್ತಿದಳು. ಅದನ್ನು ಓದಿದರೆ ಅವರ ಕಣ್ಣಿನ ಬಗ್ಗೆ ನಿಮಗೆ ಸಂಶಯ ಬರ್ತದೆ ಅಂತ ನಿಮ್ಮ ಅಮ್ಮ ಹರಿದದ್ದು. ಹೇಳಬಾರದು ಅಂತ ನನ್ನಿಂದ ಆಣೆ ಹಾಕಿಸಿದರು. ಆದರೆ ಅವರಿಗೇನಾದರೂ ಆದರೆ ಕೊಂದದ್ದು ನಾನೇ ಆಗ್ತೇನೆ, ಜಯಶೀಲಾ.”

‘ಸಿಸ್ಟರ್’ ಎಲ್ಲಿಯೋ ಬಿದ್ದುಹೋಗಿತ್ತು. ನಾನು ಹೆಕ್ಕಿ ಕೊಡಲಿಲ್ಲ.

ಮನಾಮಾದ ಟೆಲಿಫೋನ್ ಆಫೀಸಿನಿಂದ ಊರಿನ ಗುರುವಪ್ಪನವರ ಅಂಗಡಿಗೆ ಟ್ರಂಕ್ ಕಾಲ್ ಹಾಕಿ, ಅಮ್ಮನನ್ನು ಕರೆತರುವವರೆಗೆ ಕಾದೆವು.

“ಹೇಳಿಬಿಟ್ಟನಾ ಅವನು? ದಂಡಪಿಂಡ!” ಅಮ್ಮನ ಸ್ವರಕ್ಕೆ ಕುರುಡು ಬಂದಿರಲಿಲ್ಲ. “ನಿನ್ನ ಕನಿಕರ ಯಾರಿಗೆ ಬೇಕು?”

“ಕನಿಕರ ಅಲ್ಲ. ಉಳಿದ ಪುಟ ಓದಲಿಕ್ಕೆ ಬರ್ತೇನೆ. ನಿಮ್ಮನ್ನು ಕಣ್ಣಿನ ಡಾಕ್ಟರಿಗೆ ತೋರಿಸಿಯೇ ಹೊರಡುವುದು.”

ಲೈನಿನ ಗರಗರದ ನಡುವೆ ಅಮ್ಮ ಹೇಳಿದರು, “ಆ ಹುಡುಗ ತಡವರಿಸಿ ಓದ್ತಾನೆ. ಆದರೆ ಒಂದು ಗೆರೆ ಬಿಡುವುದಿಲ್ಲ. ಅವನನ್ನೂ ಕರ್ಕೊಂಡು ಬಾ.”

ನಾನು ರಿಸೀವರ್ ಇಟ್ಟೆ.

“ಎಂತ ಹೇಳಿದರು?” ಕಮಲಾಕ್ಷ ಕೇಳಿದ.

“ನೀವು ದಂಡಪಿಂಡ ಅಂತೆ.”

“ಮತ್ತೆ?”

“ಮತ್ತೆ, ಆ ಪೈಪ್ ಬಿಗಿ ಮಾಡಿ. ಇನ್ನು ಬರಲಿಕ್ಕೆ ನೆವ ಬೇಕಾಗಿಲ್ಲ.”